ನಾವಡರ ಪದ್ಯ, ಗುಡಿಗಾರರ ಮದ್ದಲೆ

ಹ್ವಾಯ್, ಕುಂದಾಪ್ರ-ಬೈಂದೂರು-ಬ್ರಹ್ಮಾವರದ ಕಡೆಯವರ ಹತ್ತಿರ ಕಾಳಿಂಗ ನಾವಡರ ಹೆಸರು ಎತ್ತಿ ಕಾಣಿ. ಮಾತು ಅರ್ಧ ಗಂಟೆಗೆ ಮುಗಿಯುವುದಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ನಾನು ಈಗಲೂ ಕೇಳುವುದು ಅವರ ಪದ್ಯಗಳನ್ನೇ.

ಗುಂಡ್ಮಿಯ ನಾವಡರು ಹುಟ್ಟಿದ್ದು 1958ರಲ್ಲಿ. ತಂದೆ ರಾಮಚಂದ್ರ ನಾವಡರೂ ಭಾಗವತರು. ಗುರು ನಾರ್ಣಪ್ಪ ಉಪ್ಪೂರರು. ಸಾಲಿಗ್ರಾಮ ಮೇಳದ ಡೇರೆಗೆ ಎಷ್ಟೋ ಜನ ಟಿಕೆಟ್ ತೆಗೆದದ್ದು ವೇಷ ನೋಡಲಿಕ್ಕಲ್ಲ, ಆ ಸ್ವರ ಕೇಳಲಿಕ್ಕೆ. ಬಡಗುತಿಟ್ಟಿಗೆ ಹೊಸ ರಾಗಗಳನ್ನು ತಂದರು, ‘ನಾಗಶ್ರೀ’ಯಂಥ ಪ್ರಸಂಗ ಬರೆದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. 32 ಇನ್ನೂ ತುಂಬಿರಲಿಲ್ಲ.

ಇಷ್ಟು ಕಥೆ ಎಲ್ಲರಿಗೂ ಗೊತ್ತು. ನಾವು ಮರೆಯುವುದು ಪಕ್ಕದಲ್ಲಿ ಕೂತವರನ್ನು. ಭಾಗವತಿಕೆ ಒಬ್ಬರ ಕಚೇರಿಯಲ್ಲ. ಭಾಗವತರು ಪದ್ಯವನ್ನು ಎಳೆದು, ತಡೆದು, ಮತ್ತೆ ತಾಳಕ್ಕೆ ತರುವಾಗ ಎಲ್ಲಿ ಇಳಿಯುತ್ತಾರೆ ಅಂತ ಮದ್ದಲೆಗಾರರಿಗೆ ಮೊದಲೇ ತಿಳಿದಿರಬೇಕು. ನಾವಡರಿಗೆ ಹಾಗೆ ಸಿಕ್ಕ ಜೊತೆಗಾರರು ದುರ್ಗಪ್ಪ ಗುಡಿಗಾರರು. ಹಳೇ ಧ್ವನಿಮುದ್ರಣಗಳಲ್ಲಿ ಕೇಳಿ: ಸ್ವರ ಮೇಲೇರಿದಾಗ ಮದ್ದಲೆ ತಗ್ಗುತ್ತದೆ, ಸ್ವರ ನಿಂತಲ್ಲಿ ಅದೇ ಮಾತಾಡುತ್ತದೆ.

ನಾವಡರ ಶೈಲಿಯನ್ನು ಆಮೇಲೆ ಬಂದ ಎಷ್ಟೋ ಭಾಗವತರು ಅನುಸರಿಸಿದರು. ಸ್ವರ ಅನುಕರಿಸಬಹುದು ಮಾರಾಯ್ರೆ; ರಾತ್ರಿಯಿಡೀ ಒಟ್ಟಿಗೆ ಕೂತು ಬೆಳೆಸಿದ ನಂಬಿಕೆಯನ್ನು ಅನುಕರಿಸುವುದು ಹ್ಯಾಂಗೆ? ಮುಂದಿನ ಸಲ ಇಯರ್‌ಫೋನ್ ಹಾಕಿದಾಗ ಒಂದು ಕಿವಿ ಮದ್ದಲೆಗೂ ಕೊಡಿ. ನಾವಡರು ಇನ್ನಷ್ಟು ದೊಡ್ಡವರಾಗಿ ಕೇಳಿಸುತ್ತಾರೆ.