ಬಾಗಿಲು ತೆರೆಯುವ ಮುನ್ನ

ಊರಿನ್ನೂ ನಿದ್ದೆಯಲ್ಲಿರುವ ಹೊತ್ತಿನಲ್ಲಿ ನಮ್ಮ ಪಟ್ಟಣಗಳಲ್ಲಿ ಮೊದಲು ದೀಪ ಹತ್ತಿಕೊಳ್ಳುವ ಸ್ಥಳಗಳು ಎರಡು: ಒಂದು ದೇವಸ್ಥಾನ, ಇನ್ನೊಂದು ಹೋಟೆಲಿನ ಅಡುಗೆಮನೆ. ದೇವಸ್ಥಾನದ ಬೆಳಗನ್ನು ಕುರಿತು ಸುಪ್ರಭಾತಗಳು ಹುಟ್ಟಿವೆ. ಹೋಟೆಲಿನ ಬೆಳಗನ್ನು ಕುರಿತು ನಾವು ಯೋಚಿಸಿದ್ದು ಕಡಮೆ. ಆರು ಗಂಟೆಗೆ ಬಾಗಿಲು ತೆರೆದೊಡನೆ ಹಬೆಯಾಡುವ ಇಡ್ಲಿಯೂ ನೊರೆಯುಕ್ಕುವ ಕಾಫಿಯೂ ನಮ್ಮೆದುರು ಬಂದು ನಿಲ್ಲುತ್ತವೆ. ಅವುಗಳಿಗಾಗಿ ಎದ್ದವರು ಯಾರು, ಎಷ್ಟು ಹೊತ್ತಿಗೆ ಎದ್ದರು ಎಂದು ಕೇಳುವಷ್ಟು ವ್ಯವಧಾನ ನಮಗಿರುವುದಿಲ್ಲ. ಆ ಎರಡು ಮೂರು ಗಂಟೆಗಳಿಗೂ ಒಂದು ಚರಿತ್ರೆಯಿದೆ.

ನಿಜವಾಗಿ ಹೋಟೆಲಿನ ಬೆಳಗು ಆರಂಭವಾಗುವುದು ಹಿಂದಿನ ದಿನದ ಮಧ್ಯಾಹ್ನದಲ್ಲಿ. ಅಕ್ಕಿಯನ್ನೂ ಉದ್ದನ್ನೂ ಬೇರೆ ಬೇರೆಯಾಗಿ ನೆನೆಹಾಕಿ, ಸಂಜೆ ರುಬ್ಬಿ, ಬೆರೆಸಿ, ಮುಚ್ಚಿಟ್ಟರೆ ಮುಂದಿನ ಕೆಲಸವನ್ನು ಮನುಷ್ಯನ ಕಣ್ಣಿಗೆ ಕಾಣದ ಜೀವಾಣುಗಳು ರಾತ್ರಿಯೆಲ್ಲ ಮಾಡುತ್ತವೆ. ಅವು ಹಿಟ್ಟಿನಲ್ಲಿ ಹುಳಿಯನ್ನೂ ಗಾಳಿಯನ್ನೂ ತುಂಬುತ್ತವೆ; ಉದ್ದಿನ ಅಂಟು ಆ ಗಾಳಿಯನ್ನು ಹಿಡಿದಿಡುತ್ತದೆ. ಸೆಕೆಗಾಲದಲ್ಲಿ ಹಿಟ್ಟು ಬೇಗ ಉಕ್ಕಿ ಹುಳಿ ಮೀರುತ್ತದೆ. ಮಾಗಿಯ ಚಳಿಯಲ್ಲಿ ಏಳಲು ಹಟಮಾಡುತ್ತದೆ. ಒಳ್ಳೆಯ ಭಟ್ಟನಾದವನು ಮಲಗುವ ಮುನ್ನ ಆಕಾಶವನ್ನೊಮ್ಮೆ ನೋಡಿ, ನಾಳೆಯ ಹಿಟ್ಟು ಎಷ್ಟು ಹೊತ್ತಿಗೆ ಹದವಾದೀತೆಂದು ಲೆಕ್ಕ ಹಾಕುತ್ತಿದ್ದ.

ಈ ತಿಂಡಿಗೆ ನಮ್ಮ ನಾಡಿನಲ್ಲಿ ಸಾವಿರ ವರ್ಷದ ವಂಶಾವಳಿಯಿದೆ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುವ ವಿಧಾನವನ್ನು ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೂ ಇದನ್ನು ಬಲ್ಲದು. ಅರಸನ ಭೋಜನಶಾಲೆಯಲ್ಲಿದ್ದ ಪದಾರ್ಥ ಬೀದಿಯ ಮನುಷ್ಯನಿಗೆ ಬೆಳಗಾಗೆದ್ದು ಕಾಸಿಗೆ ದೊರೆಯುವಂತಾದದ್ದು ಮಾತ್ರ ಇಪ್ಪತ್ತನೆಯ ಶತಮಾನದ ಮಾತು.

ಅದನ್ನು ಸಾಧಿಸಿದವರು ಹೆಚ್ಚಾಗಿ ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಸಣ್ಣ ಹಿಡುವಳಿ, ದೊಡ್ಡ ಸಂಸಾರ, ಗೇಣಿ, ಸಾಲ ಇವು ಅವರನ್ನು ಊರು ಬಿಡಿಸಿದವು. ತುಳುನಾಡಿನ ಹಳಬರು ‘ಮಾರಿಬೊಳ್ಳ’ ಎಂದು ಕರೆದ 1923ರ ಮಹಾಪ್ರವಾಹ ಉಳಿದುದನ್ನೂ ಕೊಚ್ಚಿಕೊಂಡು ಹೋಯಿತು. ಮಠ ದೇವಾಲಯಗಳ ಪಾಕಶಾಲೆಯಲ್ಲಿ ನೂರಾರು ಜನಕ್ಕೆ ಒಮ್ಮೆಗೇ ಅಡುಗೆ ಮಾಡಿ ಪಳಗಿದ ಕೈಗಳೇ ಇವರಲ್ಲಿ ಅನೇಕರಿಗಿದ್ದ ಬಂಡವಾಳ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಚಿಕ್ಕ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಮದರಾಸಿನಲ್ಲಿ ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಕಡಂದಲೆಯ ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಅದು ಯುದ್ಧದ ಕಾಲ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಅಕ್ಕಿ ಬರುವುದು ನಿಂತುಹೋಗಿತ್ತು. ಆ ಅಭಾವದ ದಿನಗಳಲ್ಲಿಯೇ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ತಮ್ಮಲ್ಲಿ ನಡೆಯಿತೆಂದು ಮಾವಳ್ಳಿಯವರು ಹೇಳುತ್ತ ಬಂದಿದ್ದಾರೆ.

ಸೌದೆಯ ಒಲೆಯ ಆ ಕಾಲದಲ್ಲಿ ಬೆಳಗಿನ ಕ್ರಮ ಒಂದು ವ್ರತದಂತಿತ್ತು. ಮೂರೂವರೆಗೆ ಒಬ್ಬ ಎದ್ದು ಹಿಂದಿನ ರಾತ್ರಿಯ ಬೂದಿ ತೆಗೆದು ಒಲೆ ಹೊತ್ತಿಸಬೇಕು. ಹಂಡೆಯ ನೀರು ಕಾಯುವುದರೊಳಗೆ ಇನ್ನೊಬ್ಬ ತೆಂಗಿನಕಾಯಿ ತುರಿಯಬೇಕು. ಹಾಲಿನವನು ಬಂದೊಡನೆ ಹಾಲು ಅಳೆದು ಕಾಯಲಿಡಬೇಕು. ಕಾಫಿ ಪುಡಿಯ ಮೇಲೆ ಕುದಿನೀರು ಸುರಿದು, ಅದು ತೊಟ್ಟುತೊಟ್ಟಾಗಿ ಇಳಿಯುವುದನ್ನು ಕಾಯಬೇಕು. ಅವಸರಪಡಿಸಿದರೆ ಡಿಕಾಕ್ಷನ್ನಿಗೆ ಸತ್ತ್ವವಿರದು. ದೋಸೆಯ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಗುಡಿಸಿ, ಎಣ್ಣೆ ಸವರಿ ಹದಕ್ಕೆ ತಂದ ಮೇಲೆಯೂ ಮೊದಲ ದೋಸೆ ಒಮ್ಮೊಮ್ಮೆ ಕಾವಲಿಯನ್ನು ಬಿಟ್ಟೇಳದು. ಮೇಜು ಒರೆಸಿ, ಹೂಜಿಗೆ ನೀರು ತುಂಬಿ, ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಯಜಮಾನರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಮೇಲೆಯೇ ಬಾಗಿಲು ತೆರೆಯುವುದು.

ಈ ಕೆಲಸಗಳನ್ನು ಮಾಡಿದವರಲ್ಲಿ ಅನೇಕರು ಮಕ್ಕಳು. ಕರಾವಳಿಯ ಮನೆಗಳಲ್ಲಿ ‘ಮಾಣಿ’ ಎಂದರೆ ಹುಡುಗ, ಮನೆಯ ಮಗ. ಅದು ವಾತ್ಸಲ್ಯದ ಮಾತು. ಘಟ್ಟ ಹತ್ತಿದ ಮೇಲೆ ಅದೇ ಮಾತಿಗೆ ಹೋಟೆಲಿನಲ್ಲಿ ತಟ್ಟೆ ತಂದಿಡುವವನೆಂಬ ಅರ್ಥ ಬಂತು. ಒಂದು ಶಬ್ದದ ಅರ್ಥಾಂತರದಲ್ಲಿ ಎಷ್ಟು ಬಾಲ್ಯಗಳು ಕಳೆದುಹೋದವೋ!

ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಹತ್ತನೆಯ ವಯಸ್ಸಿನಲ್ಲಿ ಹೀಗೆ ಬಯಲುಸೀಮೆಯ ಹೋಟೆಲೊಂದನ್ನು ಸೇರಿದವರು. ಮುಂದೆ ತಾವೇ ಹೋಟೆಲು ಇಟ್ಟು, ಮಕ್ಕಳನ್ನು ಓದಿಸಿ, ಮನೆ ಕಟ್ಟಿಸಿದರು. ಎಂಬತ್ತು ದಾಟಿದ ಮೇಲೂ ಮೂರೂವರೆಗೆ ಎದ್ದು ಕತ್ತಲಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. “ಇನ್ನೂ ಮಲಗಬಾರದೆ, ದೊಡ್ಡಪ್ಪಯ್ಯ?” ಎಂದು ಒಮ್ಮೆ ಕೇಳಿದೆ. “ಯಾರೋ ಬಂದು ಎಬ್ಬಿಸುತ್ತಾರೆ ಮಾರಾಯ” ಎಂದರು. ಹೆಚ್ಚು ಹೇಳಲಿಲ್ಲ. ಎಪ್ಪತ್ತು ವರ್ಷದ ಹಿಂದೆ ಎಬ್ಬಿಸಿದ ಆ ಕೈ ಅವರ ಭುಜದ ಮೇಲೆ ಇನ್ನೂ ಇತ್ತು.

ಇನ್ನೊಂದು ಮಾತನ್ನೂ ಮರೆಮಾಚಬಾರದು. ಆ ಅಡುಗೆಮನೆಗಳ ಮಡಿ ಬರಿಯ ಶುಚಿಯಷ್ಟೇ ಆಗಿರಲಿಲ್ಲ. ಯಾರು ಒಲೆಯ ಬಳಿ ನಿಲ್ಲಬಹುದು, ಯಾರು ಯಾವ ಬೆಂಚಿನ ಮೇಲೆ ಕೂರಬಹುದು, ಯಾರು ಹೊರಗೇ ನಿಂತು ಕುಡಿಯಬೇಕು ಎಂಬ ನಿಷ್ಠುರ ನಿಯಮಗಳೂ ಬಾಗಿಲು ತೆರೆಯುವ ಮುನ್ನವೇ ಸಿದ್ಧವಾಗಿರುತ್ತಿದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿ ಹೋಟೆಲುಗಳನ್ನು ಹೆಸರಿಸಿಯೇ, ಅಲ್ಲಿಗೆ ಪ್ರವೇಶಿಸಲು ಜಾತಿ ಅಡ್ಡಿಯಾಗಕೂಡದೆಂದು ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯ ಬಲ ಕೊಟ್ಟಿತು. ಬಾಗಿಲು ಎಲ್ಲರಿಗೂ ತೆರೆದಾಗಲೇ ಅದು ನಿಜವಾಗಿ ತೆರೆದಂತೆ ಎಂಬುದನ್ನು ನಾವು ಕಾನೂನಿನಿಂದ ಕಲಿಯಬೇಕಾಯಿತು.

ಕಾಲ ಬದಲಾಯಿತು. ಒರಳುಕಲ್ಲಿನ ಜಾಗಕ್ಕೆ ಕೊಯಮತ್ತೂರಿನ ವಿದ್ಯುತ್ ಯಂತ್ರ ಬಂತು; ಸೌದೆಯ ಹೊಗೆ ಹೋಗಿ ಅನಿಲ ಬಂತು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಗಳು ಗಿರಾಕಿಯ ಕೈಗೇ ತಟ್ಟೆ ಕೊಟ್ಟು ಮಾಣಿಯ ಪಾತ್ರವನ್ನೇ ತೆಗೆದುಹಾಕಿದವು. 2006ರ ಅಕ್ಟೋಬರಿನಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. ಇಂದು ಆ ಅಡುಗೆಮನೆಗಳಲ್ಲಿ ತುಳು, ಕುಂದಗನ್ನಡಗಳ ಜೊತೆಗೆ ಬಿಹಾರ, ಒಡಿಶಾ, ಈಶಾನ್ಯದ ಮಾತುಗಳೂ ಕೇಳುತ್ತವೆ. ಘಟ್ಟ ಹತ್ತಿ ಬಂದವರ ಜಾಗಕ್ಕೆ ಎರಡು ದಿನ ರೈಲಿನಲ್ಲಿ ಕುಳಿತು ಬಂದವರು ನಿಂತಿದ್ದಾರೆ. ಊರು ಬಿಡಿಸಿದ ಕಾರಣಗಳು ಮಾತ್ರ ಬಹಳವೇನೂ ಬದಲಾಗಿಲ್ಲ.

ಯಂತ್ರ ಬಂದರೂ ಬದಲಾಗದಿರುವುದು ಇನ್ನೊಂದಿದೆ. ನಾವು ಆರಕ್ಕೆ ಉಣ್ಣಬೇಕಾದರೆ ಯಾರೋ ಒಬ್ಬರು ನಾಲ್ಕಕ್ಕೆ ಏಳಲೇಬೇಕು. ಹಿಟ್ಟಿನ ಹುದುಗಿಗೆ ರಾತ್ರಿ ಬೇಕು. ಮನುಷ್ಯನಿಗೂ ಅದು ಬೇಕು. ಆ ರಾತ್ರಿಯಲ್ಲಿ ಒಂದು ಪಾಲನ್ನು ನಮಗಾಗಿ ಬಿಟ್ಟುಕೊಟ್ಟವರ ಹೆಸರುಗಳು ಯಾವ ಫಲಕದ ಮೇಲೂ ಇಲ್ಲ. ನಾಳೆ ಬೆಳಿಗ್ಗೆ ಕಾಫಿಯ ಲೋಟ ಮುಂದೆ ಬಂದಾಗ ತಂದವನ ಮುಖವನ್ನೊಮ್ಮೆ ನೋಡೋಣ. ಆತನ ಊರು ಯಾವುದೆಂದು ಕೇಳೋಣ. ಚರಿತ್ರೆಯ ಆರಂಭಕ್ಕೆ ಅಷ್ಟು ಸಾಕು.