ಉಪ್ಪು, ಚಿನ್ನ ಮತ್ತು ವಗಾಡುವಿನ ಸರ್ಪ

ಮಧ್ಯಕಾಲೀನ ಪಶ್ಚಿಮ ಆಫ್ರಿಕಾದ ಘಾನಾ ಮತ್ತು ಮಾಲಿ ರಾಜ್ಯಗಳ ಸಿರಿಗೆ ಚಿನ್ನದ ಗಣಿಗಳೇ ಮೂಲವೆಂದು ಹೇಳುವುದು ವಾಡಿಕೆ. ವಾಸ್ತವವಾಗಿ ಅವುಗಳ ಬೊಕ್ಕಸವನ್ನು ತುಂಬಿದ್ದರಲ್ಲಿ ಸಹಾರಾ ಮರುಭೂಮಿಯನ್ನು ದಾಟಿ ಬರುತ್ತಿದ್ದ ಸಾರ್ಥಗಳ ಸರಕಿನ ಮೇಲಿನ ಸುಂಕದ ಪಾತ್ರವೂ ಹಿರಿದು. ದಕ್ಷಿಣದಲ್ಲಿ ಚಿನ್ನವಿತ್ತು, ಉಪ್ಪು ವಿರಳವಾಗಿತ್ತು. ಉತ್ತರದ ಮರಳುಗಾಡಿನಲ್ಲಿ ಉಪ್ಪು ಹೇರಳವಾಗಿತ್ತು. ಇವೆರಡರ ನಡುವಣ ಸಂತೆ ಅರಸರ ಹಿಡಿತದಲ್ಲಿತ್ತು. ಕತ್ತೆಯ ಮೇಲಿನ ಒಂದು ಹೇರು ಉಪ್ಪು ರಾಜ್ಯದೊಳಗೆ ಬಂದರೆ 1, ಹೊರಹೋದರೆ 2 ಚಿನ್ನದ ದಿನಾರುಗಳನ್ನು ಘಾನಾದ ಅರಸನು ಪಡೆಯುತ್ತಿದ್ದನೆಂದು 1068ರಲ್ಲಿ ಅಲ್-ಬಕ್ರಿ ಬರೆದಿದ್ದಾನೆ.

1352ರಲ್ಲಿ ಇಬ್ನ್ ಬತೂತಾ ಕಂಡ ತಘಾಜಾದಲ್ಲಿ ಮನೆಗಳ ಗೋಡೆಗಳು ಉಪ್ಪಿನ ಗಟ್ಟಿಗಳಿಂದಾಗಿದ್ದವು. ಮಾಡಿಗೆ ಒಂಟೆಯ ಚರ್ಮ ಹೊದಿಸಲಾಗಿತ್ತು. ಅಲ್ಲಿ ಉಪ್ಪು ಅಗೆಯುತ್ತಿದ್ದವರು ಮಸೂಫಾ ಕುಲದವರ ಗುಲಾಮರು. ವಲಾತಾದಲ್ಲಿ 8ರಿಂದ 10 ಮಿಸ್ಕಾಲ್ ಚಿನ್ನಕ್ಕೆ ದೊರೆಯುತ್ತಿದ್ದ ಒಂದು ಹೇರು ಉಪ್ಪು, ಮಾಲಿಯ ರಾಜಧಾನಿಯಲ್ಲಿ 20ರಿಂದ 30ಕ್ಕೆ, ಒಮ್ಮೊಮ್ಮೆ 40ಕ್ಕೂ ಮಾರಾಟವಾಗುತ್ತಿತ್ತು. 1324ರಲ್ಲಿ ಮನ್ಸಾ ಮೂಸಾ ಕೈರೋದಲ್ಲಿ ಧಾರಾಳವಾಗಿ ಹಂಚಿದ ಚಿನ್ನದ ಹಿಂದೆ ಇಂತಹ ವಿನಿಮಯದ ವ್ಯವಸ್ಥೆಯೊಂದಿತ್ತು.

ಸೋನಿಂಕೆ ಜನರ ಮೌಖಿಕ ಪರಂಪರೆ ಘಾನಾವನ್ನು ವಗಾಡು ಎಂದು ಸ್ಮರಿಸುತ್ತದೆ. ಅಲ್ಲಿನ ಬಿದಾ ಎಂಬ ಸರ್ಪವು ಪ್ರತಿವರ್ಷ ಕನ್ಯೆಯೊಬ್ಬಳನ್ನು ಬಲಿಯಾಗಿ ಪಡೆದು ಮಳೆಯನ್ನೂ ಚಿನ್ನವನ್ನೂ ಕರುಣಿಸುತ್ತಿತ್ತು. ಬಲಿಗೆ ಆಯ್ಕೆಯಾದವಳ ಪ್ರಿಯಕರ ಸರ್ಪವನ್ನು ಕೊಂದಾಗ ಬರಗಾಲ ಬಂದು ನಾಡು ಚದುರಿತು. ಪ್ರವಾಸಿಗಳ ಬರಹ ಸುಂಕದ, ಬೆಲೆಯ ಲೆಕ್ಕವನ್ನು ಉಳಿಸಿಕೊಟ್ಟಿದೆ. ಜನಪದ ಕಥನ ತಘಾಜಾದ ಗುಲಾಮರನ್ನು ಹೆಸರಿಸದಿದ್ದರೂ, ರಾಜ್ಯದ ಸಿರಿಯು ನರಬಲಿಯ ಮೇಲೆ ನಿಂತಿತ್ತೆಂಬ ಅರಿವನ್ನು ಉಳಿಸಿಕೊಂಡಿದೆ. ಆರ್ಥಿಕ ಇತಿಹಾಸದ ರಚನೆಯಲ್ಲಿ ಈ ಎರಡೂ ಆಕರಗಳನ್ನು ಕೂಡಿಸಿ ಓದುವುದು ಅಗತ್ಯ.