ಎರಡು ದಲ್ಲಾಳಿಗಳ ಕಥೆ: ಅಮೆರಿಕದಲ್ಲಿ ಮನೆ ಕೊಳ್ಳುವವರು ತೆರುವ ಶುಲ್ಕದ ಇತಿಹಾಸ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಅಮೆರಿಕಕ್ಕೆ ಬಂದ ನಮ್ಮಲ್ಲಿ ಹೆಚ್ಚಿನವರು ಮನೆಯನ್ನು ಕಟ್ಟಿಸುವುದಿಲ್ಲ, ಕಟ್ಟಿದ ಮನೆಯನ್ನು ಕೊಳ್ಳುತ್ತೇವೆ. ಆದರೂ ಗಾದೆಯ ಮಾತು ಸುಳ್ಳಾಗಿಲ್ಲ. ಕಳೆದ ಯುಗಾದಿಯ ಊಟದ ಹೊತ್ತಿನಲ್ಲಿ, ಈಚೆಗೆ ನಮ್ಮ ಊರಿಗೆ ಬಂದ ಯುವ ದಂಪತಿ ನನ್ನ ಪಕ್ಕದಲ್ಲಿ ಕುಳಿತು ಕೇಳಿದರು: “ಅಂಕಲ್, ಮನೆ ತೋರಿಸುವ ಏಜೆಂಟ್ ಎರಡೂವರೆ ಪರ್ಸೆಂಟ್ ಕೊಡಿ ಎನ್ನುತ್ತಾರೆ. ಸಾಲ ಕೊಡಿಸುವ ಬ್ರೋಕರ್ ನನಗೆ ನೀವೇನೂ ಕೊಡಬೇಕಾಗಿಲ್ಲ ಎನ್ನುತ್ತಾರೆ. ಇಬ್ಬರಲ್ಲಿ ದುಬಾರಿ ಯಾರು?”

ಆ ಪ್ರಶ್ನೆಗೆ ಅಂದು ಹೋಳಿಗೆಯ ಎಲೆಯ ಮುಂದೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆ ಉತ್ತರ ಇಂದಿನ ದರಪಟ್ಟಿಯಲ್ಲಿಲ್ಲ, ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಲ್ಲಿದೆ. ಅದನ್ನು ಸಂಕ್ಷೇಪವಾಗಿ ಹೇಳುವ ಪ್ರಯತ್ನವೇ ಈ ಲೇಖನ.

ಮನೆ ತೋರಿಸುವವನ ಉದಯ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಆಸ್ತಿ ದಲ್ಲಾಳಿಯಾಗಲು ಯಾವ ಅರ್ಹತೆಯೂ ಬೇಕಿರಲಿಲ್ಲ. ಮಾರುವವನೊಬ್ಬ, ಕೊಳ್ಳುವವನೊಬ್ಬ, ನಡುವೆ ಮಾತು ಬಲ್ಲವನೊಬ್ಬ, ಇಷ್ಟಿದ್ದರೆ ವ್ಯವಹಾರ ನಡೆಯುತ್ತಿತ್ತು. ಈ ವೃತ್ತಿಗೆ ಮರ್ಯಾದೆ ತರಬೇಕೆಂಬ ಉದ್ದೇಶದಿಂದ 1908ರಲ್ಲಿ ಷಿಕಾಗೋ ನಗರದಲ್ಲಿ ದಲ್ಲಾಳಿಗಳ ರಾಷ್ಟ್ರೀಯ ಸಂಘವೊಂದು ಹುಟ್ಟಿತು. 1913ರಲ್ಲಿ ಅದು ತನ್ನ ನೀತಿಸಂಹಿತೆಯನ್ನು ರೂಪಿಸಿತು. 1916ರಲ್ಲಿ ‘ರಿಯಲ್ಟರ್’ ಎಂಬ ಹೊಸ ಪದವೇ ಟಂಕಿಸಲ್ಪಟ್ಟಿತು. ಇಂದು ‘ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್’ ಎಂದು ನಾವು ಬಲ್ಲ ಸಂಸ್ಥೆಯ ಮೂಲ ಇದೇ.

ಈ ಸಂಘಟನೆಯಿಂದ ವೃತ್ತಿಗೆ ಶಿಸ್ತು ಬಂದಿತು. ಅದರ ಜೊತೆಗೆ ಏಕರೂಪದ ದರವೂ ಬಂದಿತು. ಊರೂರಿನ ದಲ್ಲಾಳಿ ಮಂಡಳಿಗಳು ಇಷ್ಟು ಶೇಕಡಾ ಕಮಿಷನ್ ಎಂದು ನಿಗದಿ ಮಾಡಿ, ಸದಸ್ಯರು ಅದಕ್ಕಿಂತ ಕಡಿಮೆಗೆ ಕೆಲಸ ಮಾಡಬಾರದೆಂದು ಕಟ್ಟುಮಾಡಿದವು. ವಾಷಿಂಗ್ಟನ್ ನಗರದ ಮಂಡಳಿಯ ಇಂತಹ ಕಟ್ಟುಪಾಡು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1950ರಲ್ಲಿ ನ್ಯಾಯಾಲಯವು, ದಲ್ಲಾಳಿ ವೃತ್ತಿಯೂ ವ್ಯಾಪಾರವೇ, ಅದರಲ್ಲಿ ಒಟ್ಟಾಗಿ ದರ ನಿಗದಿ ಮಾಡುವುದು 1890ರ ಷರ್ಮನ್ ಕಾಯ್ದೆಗೆ ವಿರುದ್ಧ ಎಂದು ತೀರ್ಪು ನೀಡಿತು. ಕಡ್ಡಾಯ ದರ ಕಾಗದದಿಂದ ಮರೆಯಾಯಿತು, ರೂಢಿಯಿಂದ ಮರೆಯಾಗಲಿಲ್ಲ. ಮುಂದಿನ ಹಲವು ದಶಕಗಳ ಕಾಲ ಆರು ಶೇಕಡಾ ಎಂಬುದು ಯಾರೂ ಬರೆಯದ, ಎಲ್ಲರೂ ಪಾಲಿಸುವ ನಿಯಮದಂತೆ ಉಳಿಯಿತು.

ಇದು ದಲ್ಲಾಳಿಗಳಿಗಷ್ಟೇ ಅಂಟಿದ ರೋಗವಲ್ಲ. 1971ರಲ್ಲಿ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಮನೆ ಕೊಳ್ಳಹೊರಟ ಗೋಲ್ಡ್‌ಫಾರ್ಬ್ ದಂಪತಿ, ಹಕ್ಕುಪತ್ರದ ಪರಿಶೀಲನೆಗೆ ಕಡಿಮೆ ಶುಲ್ಕದ ವಕೀಲರನ್ನು ಹುಡುಕುತ್ತ ಮೂವತ್ತಾರು ಮಂದಿಗೆ ಪತ್ರ ಬರೆದರು. ಹತ್ತೊಂಬತ್ತು ಮಂದಿ ಉತ್ತರಿಸಿದರು. ವಕೀಲರ ಸಂಘದ ಪಟ್ಟಿಗಿಂತ ಕಡಿಮೆ ಕೇಳಿದವರು ಒಬ್ಬರೂ ಇರಲಿಲ್ಲ. 1975ರಲ್ಲಿ ಸುಪ್ರೀಂ ಕೋರ್ಟು ಆ ಪಟ್ಟಿಯನ್ನೂ ಅಕ್ರಮವೆಂದು ಸಾರಿತು. ಹತ್ತು ಕಡೆ ವಿಚಾರಿಸಿದ ಮಾತ್ರಕ್ಕೆ ಬೆಲೆ ಇಳಿಯುವುದಿಲ್ಲ, ವಿಚಾರಿಸಿದವರು ಪಟ್ಟು ಹಿಡಿದಾಗ ಇಳಿಯುತ್ತದೆ ಎಂಬುದಕ್ಕೆ ಆ ದಂಪತಿ ಸಾಕ್ಷಿ.

ಡಾಲರಿನಲ್ಲಿ ಎಣಿಸಲಾಗದ ಬೆಲೆ

ನಮ್ಮಂತಹ ವಲಸಿಗರು ಮರೆಯಬಾರದ ಇನ್ನೊಂದು ಪುಟ ಇಲ್ಲಿದೆ. 1924ರಲ್ಲಿ ಇದೇ ಸಂಘದ ನೀತಿಸಂಹಿತೆಗೆ ಸೇರಿದ ನಿಯಮವೊಂದು, ಬಡಾವಣೆಯ ಆಸ್ತಿಬೆಲೆಗೆ ಕುಂದು ತರುವಂತಹ ಜನಾಂಗದವರನ್ನಾಗಲೀ ದೇಶದವರನ್ನಾಗಲೀ ಅಲ್ಲಿಗೆ ಕರೆತರಬಾರದೆಂದು ದಲ್ಲಾಳಿಗಳಿಗೆ ವಿಧಿಸಿತು. ಅದಕ್ಕೆ ಒಂದು ವರ್ಷ ಮೊದಲು, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಅಮೆರಿಕದ ಪೌರರಾಗಲು ಅನರ್ಹರೆಂದು ತೀರ್ಮಾನಿಸಿತ್ತು. ಕ್ಯಾಲಿಫೋರ್ನಿಯಾದಲ್ಲಿ ಪೌರತ್ವಕ್ಕೆ ಅನರ್ಹರಾದವರು ಕೃಷಿಭೂಮಿಯನ್ನು ಕೊಳ್ಳುವಂತೆಯೂ ಇರಲಿಲ್ಲ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಜನಾಂಗದ ಮಾತು ನೀತಿಸಂಹಿತೆಯಿಂದ ಅಳಿದದ್ದು 1950ರಲ್ಲಿ. ಮನೆ ಮಾರಾಟದಲ್ಲಿ ಭೇದ ಮಾಡುವುದು ಅಪರಾಧವಾದದ್ದು 1968ರ ಫೇರ್ ಹೌಸಿಂಗ್ ಕಾಯ್ದೆಯಿಂದ. 2020ರಲ್ಲಿ ಸಂಘದ ಅಧ್ಯಕ್ಷರು ಹಿಂದಿನ ಈ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಕೋರಿದರು. ಕಮಿಷನ್ ಪಡೆಯುವವನ ಕೈಯಲ್ಲಿ ಮನೆಯ ಬೀಗದ ಕೈ ಮಾತ್ರವಲ್ಲ, ಬಡಾವಣೆಯ ಬಾಗಿಲೂ ಇತ್ತು.

ಏಜೆಂಟ್ ಯಾರ ಪರ?

ಇನ್ನು ನನ್ನ ಸ್ವಂತ ಅನುಭವಕ್ಕೆ ಬರುತ್ತೇನೆ. 1990ರಲ್ಲಿ ನಾವು ಮೊದಲ ಮನೆ ಕೊಂಡೆವು. ಮನೆ ತೋರಿಸುತ್ತಿದ್ದ ಮಹಿಳೆ ಬಹಳ ಸಜ್ಜನಿಕೆಯವರು. ವಾರಗಟ್ಟಲೆ ತಮ್ಮ ಕಾರಿನಲ್ಲೇ ನಮ್ಮನ್ನು ಕರೆದೊಯ್ದರು. ಕಡೆಗೆ ಒಂದು ಮನೆ ಒಪ್ಪಿಗೆಯಾಯಿತು. ನಾವು ಕೇಳಿದ ಬೆಲೆಗೆ ಮಾರುವವರು ಒಪ್ಪದಿದ್ದಾಗ, ನಮ್ಮವರೆಂಬ ಭಾವದಿಂದ ಆಕೆಗೆ ಹೇಳಿದೆವು: “ಇನ್ನು ನಾಲ್ಕು ಸಾವಿರ ಏರಬಲ್ಲೆವು, ಅದಕ್ಕಿಂತ ಆಗದು.” ಮರುದಿನ ಮಾರುವವರು ಸರಿಯಾಗಿ ನಾಲ್ಕು ಸಾವಿರ ಹೆಚ್ಚು ಕೇಳಿದರು. ಇದು ಕಾಕತಾಳೀಯವೂ ಇರಬಹುದು. ಆದರೆ ಆಕೆ ಕಾನೂನಿನ ದೃಷ್ಟಿಯಲ್ಲಿ ನಮ್ಮವರಾಗಿರಲೇ ಇಲ್ಲ ಎಂಬುದು ನನಗೆ ತಿಳಿದದ್ದು ವರ್ಷಗಳ ನಂತರ.

ಆಗಿನ ಪದ್ಧತಿ ಹೀಗಿತ್ತು. ಮಾರುವವನ ಏಜೆಂಟು ಮನೆಯನ್ನು ‘ಎಂಎಲ್‌ಎಸ್’ ಎಂಬ ಸಮಾನ ಪಟ್ಟಿಯಲ್ಲಿ ಸೇರಿಸಿ, ಗಿರಾಕಿಯನ್ನು ತರುವ ಇನ್ನೊಬ್ಬ ಏಜೆಂಟಿಗೆ ತನ್ನ ಕಮಿಷನ್ನಿನ ಪಾಲು ಕೊಡುವುದಾಗಿ ಪ್ರಕಟಿಸುತ್ತಿದ್ದ. ಆ ಪಾಲು ಪಡೆಯುವವನು ಮಾರುವವನ ಉಪ-ಏಜೆಂಟ್ ಎನಿಸುತ್ತಿದ್ದ. ಅವನ ನಿಷ್ಠೆ ಕಾನೂನಿನ ಪ್ರಕಾರ ಮಾರುವವನಿಗೆ ಸಲ್ಲತಕ್ಕದ್ದು. ಫೆಡರಲ್ ಟ್ರೇಡ್ ಕಮಿಷನ್ 1983ರಲ್ಲಿ ಹೊರತಂದ ವರದಿಯಲ್ಲಿ, ಕೊಳ್ಳುವವರಲ್ಲಿ ಬಹುಪಾಲು ಜನ ಈ ಏಜೆಂಟನ್ನು ತಮ್ಮ ಪ್ರತಿನಿಧಿಯೆಂದೇ ನಂಬಿದ್ದರೆಂಬ ಸಂಗತಿ ಬೆಳಕಿಗೆ ಬಂದಿತ್ತು. ನಾವು ಅಂತಹವರ ಸಾಲಿನಲ್ಲಿ ಇಬ್ಬರು.

1990ರ ದಶಕದ ಆರಂಭದಲ್ಲಿ ಕಡ್ಡಾಯ ಉಪ-ಏಜೆನ್ಸಿ ರದ್ದಾಗಿ, ಕೊಳ್ಳುವವರ ಪರವಾಗಿ ದುಡಿಯುವ ಏಜೆಂಟರ ಯುಗ ತೊಡಗಿತು. ನಿಷ್ಠೆ ಬದಲಾಯಿತು, ಹಣದ ದಾರಿ ಬದಲಾಗಲಿಲ್ಲ. ಕೊಳ್ಳುವವನ ಏಜೆಂಟಿಗೂ ಮಾರುವವನ ಕಮಿಷನ್ನಿನಿಂದಲೇ ಪಾಲು ಸಲ್ಲುತ್ತಿತ್ತು. ‘ನಮಗೆ ಏಜೆಂಟ್ ಪುಕ್ಕಟೆ’ ಎಂದು ನಾವು ಎಷ್ಟೋ ವರ್ಷ ಹೇಳಿಕೊಂಡೆವು. ಮಾರುವವನು ಆ ಹಣವನ್ನು ತರುತ್ತಿದ್ದುದು ನಾವು ಕೊಟ್ಟ ಬೆಲೆಯಿಂದಲೇ ಎಂಬುದನ್ನು ಮಾತ್ರ ಯೋಚಿಸಲಿಲ್ಲ.

2023ರ ಅಕ್ಟೋಬರ್ 31ರಂದು ಮಿಸೌರಿಯ ಕ್ಯಾನ್ಸಾಸ್ ಸಿಟಿಯ ಜ್ಯೂರಿಯು, ಈ ಪದ್ಧತಿ ಕಮಿಷನ್ನನ್ನು ಕೃತಕವಾಗಿ ಎತ್ತರದಲ್ಲಿರಿಸಿದ ಒಳಸಂಚು ಎಂದು ನಿರ್ಣಯಿಸಿತು. ಸುಮಾರು 1.8 ಶತಕೋಟಿ ಡಾಲರುಗಳ ಪರಿಹಾರವನ್ನೂ ಗೊತ್ತುಮಾಡಿತು. 2024ರ ಮಾರ್ಚಿನಲ್ಲಿ ರಾಷ್ಟ್ರೀಯ ಸಂಘವು 418 ದಶಲಕ್ಷ ಡಾಲರುಗಳ ರಾಜಿಗೆ ಒಪ್ಪಿತು. ಅದರಂತೆ 2024ರ ಆಗಸ್ಟ್ 17ರಿಂದ ಎರಡು ಮುಖ್ಯ ಬದಲಾವಣೆಗಳಾದವು. ಕೊಳ್ಳುವವನ ಏಜೆಂಟಿಗೆ ಕೊಡುವ ಪಾಲನ್ನು ಎಂಎಲ್‌ಎಸ್‌ನಲ್ಲಿ ಪ್ರಕಟಿಸುವಂತಿಲ್ಲ. ಏಜೆಂಟು ಮನೆ ತೋರಿಸುವ ಮೊದಲೇ ಕೊಳ್ಳುವವರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಶುಲ್ಕವೆಷ್ಟೆಂದು ಅದರಲ್ಲಿ ಸ್ಪಷ್ಟವಾಗಿ ಕಾಣಿಸಬೇಕು, ಶುಲ್ಕ ಚೌಕಾಸಿಗೆ ಒಳಪಟ್ಟದ್ದು ಎಂದೂ ಹೇಳಬೇಕು. ಯುಗಾದಿಯ ದಂಪತಿಯ ಕಿವಿಗೆ ‘ಎರಡೂವರೆ ಪರ್ಸೆಂಟ್’ ಬಿದ್ದದ್ದು ಈ ಕಾರಣದಿಂದ. ಅದು ಹೊಸ ಶುಲ್ಕವಲ್ಲ. ಬೆಲೆಯೊಳಗೆ ಅಡಗಿದ್ದ ಹಳೆಯ ಶುಲ್ಕ ಹೊರಗೆ ಕಾಣಿಸಿಕೊಂಡಿದೆ, ಅಷ್ಟೇ.

ಸಾಲ ಕೊಡಿಸುವವನ ಉದಯ

ಎರಡನೆಯ ದಲ್ಲಾಳಿ ಚರಿತ್ರೆಯಲ್ಲಿ ತಡವಾಗಿ ಬಂದವನು. 1930ರ ಮೊದಲು ಗೃಹಸಾಲವೆಂದರೆ ಬಹುತೇಕ ಐದಾರು ವರ್ಷಗಳ ಅಲ್ಪಾವಧಿಯದು. ಕೊನೆಯಲ್ಲಿ ಅಸಲನ್ನು ಒಟ್ಟಿಗೆ ತೀರಿಸಬೇಕು, ಇಲ್ಲವೇ ಮತ್ತೆ ಸಾಲ ಬೇಡಬೇಕು. ಮಹಾ ಆರ್ಥಿಕ ಕುಸಿತದಲ್ಲಿ ಈ ಏರ್ಪಾಡು ಮುರಿದು ಅಸಂಖ್ಯ ಕುಟುಂಬಗಳು ಬೀದಿಗೆ ಬಿದ್ದವು. 1934ರಲ್ಲಿ ಸ್ಥಾಪಿತವಾದ ಎಫ್‌ಎಚ್‌ಎ ಸಾಲಕ್ಕೆ ಸರ್ಕಾರದ ವಿಮೆಯ ಆಸರೆ ಕೊಟ್ಟು, ತಿಂಗಳು ತಿಂಗಳು ಅಸಲು-ಬಡ್ಡಿ ಸೇರಿಸಿ ತೀರಿಸುವ ದೀರ್ಘಾವಧಿಯ ಸಾಲವನ್ನು ರೂಢಿಗೆ ತಂದಿತು. 1938ರಲ್ಲಿ ಫ್ಯಾನಿ ಮೇ, 1970ರಲ್ಲಿ ಫ್ರೆಡ್ಡಿ ಮ್ಯಾಕ್ ಹುಟ್ಟಿ, ಬ್ಯಾಂಕು ಕೊಟ್ಟ ಸಾಲವನ್ನು ಮತ್ತೊಬ್ಬರಿಗೆ ಮಾರುವ ಮಾರುಕಟ್ಟೆ ಬೆಳೆಯಿತು.

ಸಾಲವನ್ನು ಮಾರಬಹುದಾದ ಮೇಲೆ, ಸಾಲ ಕೊಡುವವನು ಊರಿನಲ್ಲೇ ಇರಬೇಕಾದ ಅಗತ್ಯವಿಲ್ಲ. ಗಿರಾಕಿಯನ್ನು ಹುಡುಕಿ, ಕಾಗದಪತ್ರ ಜೋಡಿಸಿ, ದೂರದ ಸಂಸ್ಥೆಗೆ ಒಪ್ಪಿಸುವ ಮಧ್ಯವರ್ತಿಯೊಬ್ಬ ಸಾಕು. 1980ರ ದಶಕದ ನಂತರ ಮಾರ್ಟ್‌ಗೇಜ್ ಬ್ರೋಕರುಗಳ ವೃತ್ತಿ ವೇಗವಾಗಿ ಹಬ್ಬಿದ್ದು ಹೀಗೆ.

ಈತನ ಸಂಪಾದನೆಯ ದಾರಿಯೇ ತೊಡಕಿನದು. 1974ರ ರೆಸ್ಪಾ ಕಾಯ್ದೆ ಗಿರಾಕಿಯನ್ನು ಕಳುಹಿಸಿಕೊಟ್ಟದ್ದಕ್ಕೆ ಲಂಚದಂತೆ ಹಣ ಪಡೆಯುವುದನ್ನು ನಿಷೇಧಿಸಿತ್ತು. ಆದರೂ ‘ಯೀಲ್ಡ್ ಸ್ಪ್ರೆಡ್ ಪ್ರೀಮಿಯಂ’ ಎಂಬ ಸಂದಾಯ ಬಳಕೆಗೆ ಬಂದಿತು. ಗಿರಾಕಿಗೆ ಆರು ಶೇಕಡಾ ಬಡ್ಡಿಯ ಅರ್ಹತೆಯಿದ್ದರೂ ಆರೂವರೆಗೆ ಒಪ್ಪಿಸಿದರೆ, ಸಾಲ ಕೊಡುವ ಸಂಸ್ಥೆ ಬ್ರೋಕರಿಗೆ ಹೆಚ್ಚು ಹಣ ಕೊಡುತ್ತಿತ್ತು. ಮುಂಗಡ ವೆಚ್ಚಕ್ಕೆ ಕೈಯಲ್ಲಿ ಹಣವಿಲ್ಲದವನಿಗೆ ಇದರಿಂದ ಅನುಕೂಲವೂ ಇತ್ತು: ಹೆಚ್ಚಿನ ಬಡ್ಡಿಗೆ ಬದಲಾಗಿ ಮುಂಗಡದ ಖರ್ಚು ತಗ್ಗುತ್ತಿತ್ತು. ಆದರೆ ಎಷ್ಟೋ ಜನರಿಗೆ ಖರ್ಚೂ ತಗ್ಗಲಿಲ್ಲ, ಬಡ್ಡಿಯೂ ಏರಿತು. 2008ರ ಕುಸಿತದ ಹಿಂದಿನ ಕಾರಣಗಳಲ್ಲಿ ಈ ಬಗೆಯ ಪ್ರಲೋಭನೆಗೂ ಪಾಲಿದೆ.

ತಿದ್ದುಪಡಿ ಮೂರು ಹೆಜ್ಜೆಯಲ್ಲಿ ಬಂದಿತು. 2008ರ ಸೇಫ್ ಕಾಯ್ದೆ ಬ್ರೋಕರುಗಳಿಗೆ ಪರವಾನಗಿ ಮತ್ತು ನೋಂದಣಿಯನ್ನು ಕಡ್ಡಾಯಗೊಳಿಸಿತು. 2010ರ ಡಾಡ್-ಫ್ರಾಂಕ್ ಕಾಯ್ದೆ ಹಾಗೂ 2011ರ ಏಪ್ರಿಲ್‌ನಿಂದ ಜಾರಿಯಾದ ನಿಯಮಗಳು, ಬಡ್ಡಿದರವನ್ನು ಆಧರಿಸಿ ಬ್ರೋಕರಿಗೆ ಸಂಭಾವನೆ ಕೊಡುವುದನ್ನೂ, ಒಂದೇ ಸಾಲಕ್ಕೆ ಗಿರಾಕಿಯಿಂದಲೂ ಸಂಸ್ಥೆಯಿಂದಲೂ ಪಡೆಯುವುದನ್ನೂ ನಿಲ್ಲಿಸಿದವು. 2015ರ ಅಕ್ಟೋಬರ್ 3ರಿಂದ ‘ಲೋನ್ ಎಸ್ಟಿಮೇಟ್’ ಮತ್ತು ‘ಕ್ಲೋಸಿಂಗ್ ಡಿಸ್‌ಕ್ಲೋಷರ್’ ಎಂಬ ಏಕರೂಪದ ಪತ್ರಗಳು ಬಂದವು.

ಹಾಗಾದರೆ ದುಬಾರಿ ಯಾರು?

ಈಗ ಲೆಕ್ಕಕ್ಕೆ ಕೂರೋಣ. ಮನೆಯ ಬೆಲೆ 5,00,000 ಡಾಲರ್, ಸಾಲ 4,00,000 ಡಾಲರ್ ಎಂದಿಟ್ಟುಕೊಳ್ಳಿ. ಎರಡೂವರೆ ಶೇಕಡಾ ಕೇಳುವ ಏಜೆಂಟಿನ ಶುಲ್ಕ 12,500 ಡಾಲರ್. ಒಂದು ಶೇಕಡಾ ಪಡೆಯುವ ಬ್ರೋಕರಿನ ಶುಲ್ಕ 4,000 ಡಾಲರ್. ಮೇಲುನೋಟಕ್ಕೆ ಏಜೆಂಟೇ ಮೂರು ಪಟ್ಟು ದುಬಾರಿ.

ಆದರೆ ಬ್ರೋಕರಿನ ಆಯ್ಕೆಯಿಂದ ಬಡ್ಡಿ ಕಾಲು ಶೇಕಡಾ ಹೆಚ್ಚಿತೆನ್ನಿ. ಮೂವತ್ತು ವರ್ಷದ ಸಾಲಕ್ಕೆ 6.5ರ ದರದಲ್ಲಿ ತಿಂಗಳ ಕಂತು ಸುಮಾರು 2,528 ಡಾಲರ್, 6.75ರ ದರದಲ್ಲಿ ಸುಮಾರು 2,594. ತಿಂಗಳಿಗೆ 66 ಡಾಲರ್ ಎಂದರೆ ಎರಡು ಸಲ ಹೋಟೆಲಿಗೆ ಹೋದ ಖರ್ಚು. ಪೂರ್ತಿ ಅವಧಿಗೆ ಅದು 23,800 ಡಾಲರಿನ ಹತ್ತಿರ. ಏಜೆಂಟಿನ ಶುಲ್ಕ ಒಂದೇ ದಿನ ಕಣ್ಣಿಗೆ ಕಾಣುವಂತೆ ಹೋಗುತ್ತದೆ. ಸಾಲದ ಬೆಲೆ ಕಾಣದಂತೆ ತಿಂಗಳು ತಿಂಗಳು ಹೋಗುತ್ತದೆ. ಐದು ವರ್ಷಕ್ಕೆ ಮನೆ ಮಾರುವವರಿಗೆ ಏಜೆಂಟು ದುಬಾರಿ, ಕಡೆಯವರೆಗೂ ಅದೇ ಸಾಲ ಕಟ್ಟುವವರಿಗೆ ತಪ್ಪು ಸಾಲವೇ ದುಬಾರಿ.

‘ನನಗೆ ನೀವೇನೂ ಕೊಡಬೇಕಾಗಿಲ್ಲ’ ಎಂಬ ಮಾತಿನ ಅರ್ಥವೂ ಈಗ ತಿಳಿಯುತ್ತದೆ. ಅವರ ಸಂಭಾವನೆಯನ್ನು ಸಾಲ ಕೊಡುವ ಸಂಸ್ಥೆ ಕೊಡುತ್ತದೆ. ಆ ವೆಚ್ಚ ಬಡ್ಡಿದರದಲ್ಲಿ ಸೇರಿರುತ್ತದೆ. ಸಂಸ್ಥೆಯೇ ಕೊಡುವ ಈ ಮೊತ್ತ ಮೊದಲು ಬರುವ ಲೋನ್ ಎಸ್ಟಿಮೇಟಿನಲ್ಲಿ ಕಾಣುವುದಿಲ್ಲ, ಕ್ಲೋಸಿಂಗಿಗೆ ಮೂರು ದಿನ ಮೊದಲು ಬರುವ ಪತ್ರದಲ್ಲಿ ಮಾತ್ರ ಕಾಣುತ್ತದೆ. ಆ ಹೊತ್ತಿಗೆ ಹಿಂದೆ ಸರಿಯುವುದು ಕಷ್ಟ. ಆದ್ದರಿಂದ ಮೊದಲ ದಿನವೇ ಕೇಳಿ: “ಈ ಸಾಲದಿಂದ ನಿಮಗೆ ಬರುವುದೆಷ್ಟು, ಅದನ್ನು ಕೊಡುವವರು ಯಾರು?” ಒಂದೇ ದಿನ ಎರಡು ಮೂರು ಕಡೆಯಿಂದ ಲೋನ್ ಎಸ್ಟಿಮೇಟ್ ತರಿಸಿ, ಬಡ್ಡಿ ಮತ್ತು ಮೊದಲ ಗುಂಪಿನ ಶುಲ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಏಜೆಂಟಿನೊಡನೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅವಧಿ ಎಷ್ಟು, ಶುಲ್ಕ ಎಷ್ಟು, ಮಾರುವವರು ಅದನ್ನು ಭರಿಸದಿದ್ದರೆ ಏನು ಎಂಬ ಮೂರನ್ನೂ ಓದಿ. ಮಾರುವವರು ಕೊಡುವಂತೆ ಕೇಳುವ ಹಕ್ಕು ಇಂದಿಗೂ ನಿಮಗಿದೆ. ಅವರು ಒಪ್ಪದಿದ್ದರೆ ಆ ಹಣವನ್ನು ಸಾಮಾನ್ಯವಾಗಿ ಸಾಲಕ್ಕೆ ಸೇರಿಸಲಾಗದು, ಕೈಯಿಂದಲೇ ಕೊಡಬೇಕಾಗುತ್ತದೆ. ರಾಜ್ಯದಿಂದ ರಾಜ್ಯಕ್ಕೆ ನಿಯಮಗಳು ಬೇರೆಯಾದ್ದರಿಂದ ಸ್ಥಳೀಯ ವಕೀಲರನ್ನು ಕೇಳುವುದು ಒಳಿತು.

ಊರಿನಲ್ಲಿ ಮನೆ ಕೊಂಡಾಗ ದಲ್ಲಾಳಿ ಎರಡೂ ಕಡೆಯಿಂದ ಕಮಿಷನ್ ಪಡೆಯುವುದನ್ನು ಕಂಡವರು ನಾವು. ಅಲ್ಲಿ ಅವನು ಯಾರ ಪರ ಎಂಬ ಭ್ರಮೆ ನಮಗಿರಲಿಲ್ಲ. ಆದುದರಿಂದ ಅವನ ಎದುರು ನಮ್ಮ ಕಡೆಯ ಬೆಲೆಯನ್ನು ಬಾಯಿಬಿಡುತ್ತಿರಲಿಲ್ಲ. ಇಲ್ಲಿಯ ನಯವಾದ ಮಾತು, ಮುದ್ರಿತ ಪತ್ರಗಳ ನಡುವೆ ಆ ಹಳೆಯ ಎಚ್ಚರವನ್ನು ನಾನು ಮರೆತೆ, ನಾಲ್ಕು ಸಾವಿರ ತೆತ್ತೆ. ಆ ಯುವ ದಂಪತಿಗೆ ಹೇಳಬೇಕಾದದ್ದೂ ಇಷ್ಟೇ: ಇಬ್ಬರಲ್ಲಿ ದುಬಾರಿ ಯಾರು ಎಂದು ಕೇಳುವ ಮೊದಲು, ಇಬ್ಬರಿಗೂ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ಅದು ತಿಳಿದ ಮೇಲೆ ನಿಶ್ಚಿಂತೆಯಿಂದ ಹೊಸ ಮನೆಯಲ್ಲಿ ಹಾಲುಕ್ಕಿಸಿ. ಗೃಹಪ್ರವೇಶಕ್ಕೆ ನಾವೆಲ್ಲರೂ ಬರುತ್ತೇವೆ.